ಹತ್ತು ಸೆಕೆಂಡಿನ ಚೀಲ

ಹೊರಡುವ ಹಿಂದಿನ ರಾತ್ರಿ

ಐದು ದಿನ, ಮೂರು ಊರು, ಐದು ವಿಮಾನ. ಟಿಕೆಟ್ ಕೈಗೆ ಬಂದದ್ದು ಬೆನ್ನಿಗೇ ಮೊದಲು ಗೊತ್ತಾಯಿತು.

ನಮ್ಮ ಕಂಪನಿಯ ಯಂತ್ರ ಕೊಂಡವರ ಹತ್ತಿರ ಹೋಗುವುದು, ಅದು ಹೇಗೆ ಓಡುತ್ತಿದೆ ಅಂತ ನೋಡುವುದು, ಅವರ ದೂರು ಕೇಳುವುದು, ಮುಂದಿನ ವರ್ಷದ ಒಪ್ಪಂದದ ಮಾತಾಡಿ ಬರುವುದು. ಇದು ನನ್ನ ಕೆಲಸ. ತಿಂಗಳಿಗೆ ಎರಡು ಸಲವಾದರೂ ಬ್ಯಾಗ್ ತುಂಬುತ್ತೇನೆ, ಹನ್ನೊಂದು ವರ್ಷದಿಂದ. ಆದರೂ ಹಿಂದಿನ ರಾತ್ರಿ ಹಾಸಿಗೆ ಮೇಲೆ ಬಟ್ಟೆ ಹರಡಿಕೊಂಡು ಸುಮ್ನೆ ನಿಂತಿರುತ್ತೇನೆ.

ಈ ಸಲ ಜೊತೆಗೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗ. ಅವನಿಗೆ ಇದು ಕೆಲಸದ ಮೊದಲ ಪ್ರಯಾಣ. ಸಂಜೆಯೇ ಫೋನ್ ಮಾಡಿದ್ದ.

"ಮೇಡಂ, ದೊಡ್ಡ ಸೂಟ್‌ಕೇಸ್ ತರಲಾ?"

"ಬೇಡಪ್ಪ. ಒಳಗೆ ಒಯ್ಯೋಕೆ ಆಗೋವಷ್ಟೇ ತಗೊ. ಇಳಿದ ಮೇಲೆ ಬೆಲ್ಟ್ ಮುಂದೆ ಕಾಯ್ತಾ ನಿಲ್ಲೋಕೆ ನಮಗೆ ಟೈಮ್ ಇಲ್ಲ."

"ಏಳು ಕೆಜಿ ಅಂತ ಬರೆದಿದೆ. ಐದು ದಿನಕ್ಕೆ ಸಾಕಾಗುತ್ತಾ ಮೇಡಂ?"

ಈ ಏಳು ಕೆಜಿ ಲೆಕ್ಕವೇ ಒಂದು ಮೋಸ. ಎಷ್ಟೋ ವಿಮಾನ ಸಂಸ್ಥೆಗಳು ಕ್ಯಾಬಿನ್ ಬ್ಯಾಗಿಗೆ ಇಟ್ಟಿರುವ ಮಿತಿ ಅದು. ಆದರೆ ಚಕ್ರದ ಬ್ಯಾಗ್ ಖಾಲಿ ಇದ್ದಾಗಲೇ ಎರಡೂವರೆ, ಮೂರು ಕೆಜಿ ತೂಗುತ್ತದೆ. ನಮ್ಮ ಪಾಲಿಗೆ ಉಳಿಯುವುದು ನಾಲ್ಕು. ಹಾಗಾಗಿ ಭಾರದ್ದೆಲ್ಲ ಮೈಮೇಲೆ. ಬ್ಲೇಜರ್ ಹಾಕಿಕೊಂಡೇ ಹೊರಡುವುದು, ಎರಡು ಜೊತೆ ಶೂಗಳಲ್ಲಿ ದಪ್ಪದ್ದು ಕಾಲಿಗೆ. ಪ್ರಯಾಣಿಕರನ್ನೇ ತಕ್ಕಡಿಗೆ ಹಾಕುವುದು ಸದ್ಯಕ್ಕೆ ಅಪರೂಪ.

ಬಟ್ಟೆಯ ಬಗ್ಗೆ ಈಗ ಜಾಸ್ತಿ ಯೋಚಿಸುವುದಿಲ್ಲ. ಎರಡು ಪ್ಯಾಂಟ್, ಎರಡೂ ಕಪ್ಪು. ನಾಲ್ಕು ಶರ್ಟ್, ಯಾವುದಕ್ಕೆ ಯಾವುದು ಹಾಕಿದರೂ ನಡೆಯುತ್ತದೆ. ಒಂದು ದೊಡ್ಡ ಶಾಲು. ಅದು ವಿಮಾನದಲ್ಲಿ ಹೊದಿಕೆ, ಸೀಟಿನಲ್ಲಿ ದಿಂಬು, ಮೀಟಿಂಗಿನ ಎಸಿ ಕೋಣೆಯಲ್ಲಿ ಶಾಲು. ಬಟ್ಟೆ ಸುರುಳಿ ಸುತ್ತಿದರೆ ಜಾಗ ಉಳಿಯುತ್ತದೆ, ನಿಜ. ಆದರೆ ಇಸ್ತ್ರಿ ಮಾಡಿದ ಹತ್ತಿ ಶರ್ಟ್ ಮಾತ್ರ ಸುತ್ತಿದರೆ ಮುಖ ಸಿಂಡರಿಸಿಕೊಳ್ಳುತ್ತದೆ. ಅದು ಮಡಚಿದ್ದು, ಎಲ್ಲಕ್ಕಿಂತ ಮೇಲೆ.

ಆಮೇಲೆ ಓಡುವ ಶೂ. ಬೆಳಗ್ಗೆ ಬೇಗ ಎದ್ದು ಓಡಬಹುದಲ್ಲ ಅಂತ.

ಕೊನೆಗೆ ಕಿತ್ತಳೆ ಬಣ್ಣದ ಜಿಪ್ ಚೀಲ. ಅಂಗೈ ಎರಡು ಅಗಲ, ಅಷ್ಟೇ ಉದ್ದ. ಅದರಲ್ಲಿ ಏನೇನು ಅಂದರೆ: ಚಾರ್ಜರ್, ಎರಡು ಕೇಬಲ್, ಪವರ್ ಬ್ಯಾಂಕ್, ಪ್ಲಗ್ಗಿನ ಅಡಾಪ್ಟರ್, ಲ್ಯಾಪ್‌ಟಾಪನ್ನು ಪರದೆಗೆ ಜೋಡಿಸುವ ಗೊಂಡೆ, ಮಾತ್ರೆಗಳು, ಇನ್ನೊಂದು ಕನ್ನಡಕ, ಹಲ್ಲುಜ್ಜುವ ಬ್ರಷ್, ಮನೆಯ ಕೀ, ಮತ್ತೆ ಬಿಗಿಯಾಗಿ ಸುತ್ತಿ ಕವರಿಗೆ ತುರುಕಿದ ಒಂದು ತೆಳು ಶರ್ಟ್, ಒಂದು ಜೊತೆ ಒಳಉಡುಪು. ಇದು ಚಕ್ರದ ಬ್ಯಾಗಿನ ಬಾಯಲ್ಲೇ ಇರುತ್ತದೆ, ಜಿಪ್ ಎಳೆದ ತಕ್ಷಣ ಕೈಗೆ ಸಿಗುವ ಹಾಗೆ. ಹೆಗಲ ಚೀಲಕ್ಕೆ ಲ್ಯಾಪ್‌ಟಾಪ್, ಕಾಗದಗಳು, ಖಾಲಿ ನೀರಿನ ಬಾಟಲಿ. ಇವೆಲ್ಲ ಸೇರಿದರೆ ಹೆಗಲಿಗೆ ಅದೇ ಸಾಕು.

ಕಣ್ಣಿಗೆ ಬೀಳುವ ಬಣ್ಣ ಯಾಕೆ, ಬಾಯಲ್ಲೇ ಯಾಕೆ ಅನ್ನುವುದು ಮುಂದೆ ಬರುತ್ತದೆ.

ಬ್ಯಾಗನ್ನು ಕೊಕ್ಕೆಯ ತಕ್ಕಡಿಗೆ ತೂಗುಹಾಕಿದೆ. 7.2 ತೋರಿಸಿತು. ಶೂ ತೆಗೆಯಬೇಕಿತ್ತು. ತೆಗೆಯದೆ ಮಲಗಿದೆ.

ಒಂದನೇ ದಿನ

ತಪಾಸಣೆಯ ಸಾಲಿನಲ್ಲಿ ಹುಡುಗನ ಬ್ಯಾಗ್ ಪಕ್ಕಕ್ಕೆ ಸರಿಯಿತು. ಮೊದಲು ಸಿಕ್ಕಿದ್ದು ಟೂತ್‌ಪೇಸ್ಟ್. 150 ಎಂಎಲ್ ಟ್ಯೂಬು, ಬಾಲದಿಂದ ಸುತ್ತಿ ಸುತ್ತಿ ಮುಕ್ಕಾಲು ಖಾಲಿ ಮಾಡಿದ್ದು.

"ಒಳಗೆ ಮೂವತ್ತು ಎಂಎಲ್ ಕೂಡ ಇಲ್ಲ ಮೇಡಂ!"

ಅವರು ನೋಡುವುದು ಒಳಗಿರುವುದನ್ನಲ್ಲ, ಟ್ಯೂಬಿನ ಮೇಲೆ ಬರೆದ ಅಂಕಿಯನ್ನು. 2006ರ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ದ್ರವ ಸ್ಫೋಟಕದಿಂದ ವಿಮಾನಗಳನ್ನು ಉರುಳಿಸುವ ಸಂಚು ಬಯಲಾಯಿತಲ್ಲ, ಆವತ್ತಿನಿಂದ ಶುರುವಾದ ಗೋಳು ಇದು. ಒಂದೊಂದು ಡಬ್ಬಿ 100 ಎಂಎಲ್ ಮೀರಬಾರದು, ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು. ಪೇಸ್ಟು, ಕ್ರೀಮು, ಜೆಲ್ಲು ಎಲ್ಲವೂ ಅವರ ಪಾಲಿಗೆ ನೀರೇ. ಹೊಸ ಸ್ಕ್ಯಾನರ್ ಬಂದಿರುವ ಕೆಲವು ನಿಲ್ದಾಣಗಳಲ್ಲಿ ಈಗ ಸಡಿಲ ಮಾಡಿದ್ದಾರೆ. ಆದರೆ ಹೋಗುವಾಗ ಬಿಟ್ಟದ್ದನ್ನು ಬರುವಾಗ ಬಿಡುತ್ತಾರೆ ಅಂತ ಹೇಳಲಾಗದು. ಅದಕ್ಕೇ ನಾನು ಗಟ್ಟಿ ಸೋಪು, ಗಟ್ಟಿ ಶಾಂಪೂಗೆ ಬದಲಾಗಿ ಮೂರು ವರ್ಷವಾಯಿತು. ನೊರೆ ಸ್ವಲ್ಪ ಕಮ್ಮಿ, ತಲೆನೋವೂ ಕಮ್ಮಿ.

ಎರಡನೆಯದಾಗಿ ಸಿಕ್ಕಿದ್ದು ಅವನ ಪವರ್ ಬ್ಯಾಂಕ್. ಕಾಲೇಜಿನ ಕಾಲದ್ದು. ಜೇಬಿನಲ್ಲಿ ತಿಕ್ಕಿ ತಿಕ್ಕಿ ಹಿಂಬದಿಯ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ತಪಾಸಣೆಯವರು ಅದನ್ನು ದೀಪಕ್ಕೆ ಓರೆ ಹಿಡಿದರು, ಹೆಬ್ಬೆರಳಿನಿಂದ ಉಜ್ಜಿದರು, ಇನ್ನೊಬ್ಬರನ್ನು ಕರೆದು ತೋರಿಸಿದರು. ಆಮೇಲೆ ಪಕ್ಕದ ಡಬ್ಬಕ್ಕೆ ಹಾಕಿದರು. ಹುಡುಗ ಆ ಡಬ್ಬವನ್ನೇ ನೋಡುತ್ತಾ ನಿಂತ.

ಗೇಟಿನ ಹತ್ತಿರ ಕೂತು ನನ್ನದನ್ನು ತೆಗೆದು ತೋರಿಸಿದೆ. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರ. 20,000 ಎಂಎಎಚ್, 3.7 ವೋಲ್ಟ್, ಅದರ ಪಕ್ಕ 74 ವ್ಯಾಟ್-ಅವರ್, ಅಂದರೆ ಬ್ಯಾಟರಿ ಒಳಗೆ ಹಿಡಿಯುವ ಶಕ್ತಿಯ ಲೆಕ್ಕ. ಎರಡು ಅಂಕಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಮೂರನೆಯದು ಬರುತ್ತದೆ. ಸಾಮಾನ್ಯವಾಗಿ 100 ವ್ಯಾಟ್-ಅವರ್‌ವರೆಗೆ ಯಾರೂ ಕೇಳುವುದಿಲ್ಲ. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಅದರ ಮೇಲೆ ಸಾಧ್ಯವೇ ಇಲ್ಲ. ಅಕ್ಷರ ಅಳಿಸಿದ್ದರೆ ಎಷ್ಟಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಆ ಅಕ್ಷರಗಳ ಮೇಲೆ ಪಾರದರ್ಶಕ ಟೇಪ್ ಅಂಟಿಸಿದ್ದೇನೆ. ಹುಡುಗ ಅದನ್ನು ಉಗುರಿನಿಂದ ಮುಟ್ಟಿ ನೋಡಿದ.

ಅಷ್ಟರಲ್ಲಿ ನಮ್ಮ ಸಾಲು ಕರೆದರು. ನಮ್ಮದು ಕೊನೆಯ ಗುಂಪು. ವಿಮಾನದ ಬಾಗಿಲಿಗೆ ಹತ್ತು ಹೆಜ್ಜೆ ಇರುವಾಗ ಸಿಬ್ಬಂದಿಯೊಬ್ಬರು ಕೈಯಲ್ಲಿ ಚೀಟಿಗಳ ಕಟ್ಟು ಹಿಡಿದು ಅಡ್ಡ ಬಂದರು. ಮೇಲಿನ ಗೂಡುಗಳೆಲ್ಲ ತುಂಬಿವೆ, ಚಕ್ರದ ಬ್ಯಾಗುಗಳನ್ನು ಕೆಳಗೆ ಹಾಕುತ್ತೇವೆ, ಕೊನೆಯ ಊರಿನಲ್ಲಿ ಬೆಲ್ಟಿನ ಮೇಲೆ ಸಿಗುತ್ತದೆ. ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ಇದ್ದರೆ ಈಗಲೇ ತೆಗೆಯಿರಿ.

ಇದೇ ಆ ಕಿತ್ತಳೆ ಚೀಲದ ಕಥೆ. ಹಿಂದೊಮ್ಮೆ ಇದೇ ರೀತಿ ಬ್ಯಾಗ್ ಕೊಟ್ಟು, ಮಾತ್ರೆ ಅದರೊಳಗೇ ಉಳಿದು, ಎರಡು ದಿನ ಒದ್ದಾಡಿದ್ದೆ. ಕ್ಯಾಬಿನ್ ಬ್ಯಾಗ್ ಕೊನೆಯವರೆಗೂ ನಮ್ಮ ಜೊತೆಗೇ ಇರುತ್ತದೆ ಅಂತ ನಂಬಿ ತುಂಬುತ್ತೇವೆ. ಇರುವುದಿಲ್ಲ. ಯಾವ ಗೇಟಿನಲ್ಲಾದರೂ ಕೈಯಿಂದ ಹೋಗಬಹುದು, ಕೊಡುವುದಕ್ಕೆ ಹತ್ತು ಸೆಕೆಂಡ್ ಸಿಗುತ್ತದೆ. ಆ ಹತ್ತು ಸೆಕೆಂಡಿನಲ್ಲಿ ಏನನ್ನು ಕಿತ್ತುಕೊಳ್ಳುತ್ತೀಯೋ ಅದಷ್ಟೇ ನಿನ್ನದು.

ಜಿಪ್ ಎಳೆದೆ, ಚೀಲ ತೆಗೆದೆ, ಜಿಪ್ ಮುಚ್ಚಿದೆ, ಬ್ಯಾಗ್ ಕೊಟ್ಟೆ. ಹಿಂತಿರುಗಿ ನೋಡಿದರೆ ಹುಡುಗ ನೆಲದ ಮೇಲೆ ಮಂಡಿಯೂರಿ ಕೂತಿದ್ದ. ಅವನ ಲ್ಯಾಪ್‌ಟಾಪ್ ಚಕ್ರದ ಬ್ಯಾಗಿನ ತಳದಲ್ಲಿತ್ತು. ಅದರ ಮೇಲೆ ಮೂರು ಪ್ಯಾಂಟ್, ಕೋಟು, ಬನಿಯನ್ನುಗಳು. ಎಲ್ಲವೂ ಸಾಲಿನಲ್ಲಿ ನಿಂತವರ ಕಾಲ ಬುಡದಲ್ಲಿ. ಒಂದು ಕಾಲುಚೀಲ ಯಾರದೋ ಶೂ ಮೇಲೆ. ಲ್ಯಾಪ್‌ಟಾಪ್ ಸಿಕ್ಕಿತು, ಚಾರ್ಜರ್ ಸಿಗಲಿಲ್ಲ. "ಬಿಡು, ನಡಿ," ಅಂದೆ.

ಬ್ಯಾಟರಿಯನ್ನು ಯಾಕೆ ಅಷ್ಟು ಕೇಳುತ್ತಾರೆ ಅಂತ ಸೀಟಿನಲ್ಲಿ ಕೂತ ಮೇಲೆ ಕೇಳಿದ. ಲಿಥಿಯಂ ಬ್ಯಾಟರಿ ಒಳಗೊಳಗೇ ಕಾದು ಹೊತ್ತಿಕೊಂಡರೆ ಮೇಲೆ ಯಾರಿಗಾದರೂ ಕಾಣುತ್ತದೆ, ನೀರು ಸುರಿದು ತಣಿಸಬಹುದು. ಕೆಳಗಿನ ಸರಕಿನ ಜಾಗದಲ್ಲಿ ನೋಡುವವರು ಯಾರೂ ಇಲ್ಲ. 2025ರಿಂದ ಹಲವು ವಿಮಾನ ಸಂಸ್ಥೆಗಳು ಪವರ್ ಬ್ಯಾಂಕನ್ನು ಮೇಲಿನ ಗೂಡಿನಲ್ಲೂ ಇಡಬೇಡಿ, ಕಣ್ಣೆದುರು ಇಟ್ಟುಕೊಳ್ಳಿ ಅನ್ನುತ್ತಿವೆ. ಅದಕ್ಕೂ ಇದೇ ಕಾರಣ.

ವಿಮಾನ ಏರಿ ಅರ್ಧ ಗಂಟೆಯಾಗಿರಬೇಕು. ಹುಡುಗ ತನ್ನ ಎದೆ ನೋಡಿಕೊಂಡು "ಅಯ್ಯೋ" ಅಂದ. ಶರ್ಟಿನ ಜೇಬಿನ ಕೆಳಗೆ ನೀಲಿ ಮೋಡ. ಕೆಲಸ ಸಿಕ್ಕಿತು ಅಂತ ಅವನಪ್ಪ ಕೊಟ್ಟ ಶಾಯಿ ಪೆನ್ನು. ಅರ್ಧ ಶಾಯಿ, ಅರ್ಧ ಗಾಳಿ. ನೆಲದ ಮೇಲೆ ಸುಮ್ಮನಿದ್ದ ಗಾಳಿ ಇಲ್ಲಿ ಹಿಗ್ಗುತ್ತದೆ. ವಿಮಾನದೊಳಗಿನ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟೇ ಇರುತ್ತದೆ. ಹಿಗ್ಗಿದ ಗಾಳಿ ಶಾಯಿಯನ್ನು ಹೊರಗೆ ನೂಕುತ್ತದೆ. ಶಾಯಿ ಪೆನ್ನು ಬೇಕೇ ಬೇಕು ಅಂದರೆ ಪೂರ್ತಿ ತುಂಬಿಸಿಯೋ ಪೂರ್ತಿ ಖಾಲಿ ಮಾಡಿಯೋ, ಮೂತಿ ಮೇಲೆ ಮಾಡಿ ಇಡಬೇಕು. ಇಲ್ಲದಿದ್ದರೆ ಬಾಲ್ ಪೆನ್ನು.

"ಪರವಾಗಿಲ್ಲ ಮೇಡಂ, ಬ್ಯಾಗಲ್ಲಿ ಬೇರೆ ಶರ್ಟ್ ಇದೆ," ಅಂದ.

ನಾನು ಏನೂ ಹೇಳಲಿಲ್ಲ.

ನಡುವಿನ ಊರಿಗೆ ವಿಮಾನ ತಡವಾಗಿ ಬಂತು. ಮುಂದಿನದಕ್ಕೆ ಮೂವತ್ತೈದು ನಿಮಿಷ. ನಾವು ಓಡಿದೆವು, ಬಾಗಿಲು ಮುಚ್ಚುವ ಮೊದಲು ಹತ್ತಿದೆವು. ಬ್ಯಾಗಿಗೆ ಚಕ್ರ ಇದ್ದರೇನು, ಕಾಲಿಲ್ಲವಲ್ಲ.

ರಾತ್ರಿ ಒಂಬತ್ತೂವರೆಗೆ ಇಳಿದ ಮೇಲೆ ಬೆಲ್ಟ್ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಕೊನೆಗೆ ಯಾರದೋ ಒಂದು ಮಗುವಿನ ಗಾಡಿ ಮಾತ್ರ ಸುತ್ತು ಹೊಡೆಯುತ್ತಿತ್ತು. ಬ್ಯಾಗಿನೊಳಗೆ ನಾನು ಹಾಕಿಟ್ಟಿದ್ದ ನಾಣ್ಯದಷ್ಟು ದೊಡ್ಡ ಟ್ರ್ಯಾಕರ್ ಇನ್ನೂ ನಡುವಿನ ಊರಿನ ನಿಲ್ದಾಣವನ್ನೇ ತೋರಿಸುತ್ತಿತ್ತು. ಸರಿ, ಕೌಂಟರಿಗೆ ಹೋದೆವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಬ್ಯಾಗ್ ಬರದಿದ್ದರೆ ಆ ಹಾಲಿನಿಂದ ಹೊರಗೆ ಕಾಲಿಡುವ ಮೊದಲೇ ದೂರು ಬರೆಸಬೇಕು. ಎಷ್ಟೇ ಸುಸ್ತಾಗಿರಲಿ. ಬ್ಯಾಗ್ ತೆಗೆದುಕೊಂಡಾಗ ಅವರು ಕೊಟ್ಟ ಚೀಟಿಯ ತುಂಡಿನಲ್ಲಿ ಹತ್ತಂಕಿಯ ಸಂಖ್ಯೆ ಇರುತ್ತದೆ. ಅದಿಲ್ಲದೆ ಮಾತೇ ಮುಂದೆ ಹೋಗುವುದಿಲ್ಲ. ನಾನು ಅದನ್ನು ಪಾಸ್‌ಪೋರ್ಟಿನ ಹಿಂಬದಿಗೆ ಅಂಟಿಸಿದ್ದೆ. ಹುಡುಗ ಜೇಬುಗಳನ್ನೆಲ್ಲ ಒಳಗು ಹೊರಗು ಮಾಡಿ, ಕೊನೆಗೆ ಬಿಸಾಡಲು ಇಟ್ಟಿದ್ದ ಕಾಗದದ ಲೋಟದೊಳಗಿಂದ ತೆಗೆದ. ಬ್ಯಾಗ್ ಹೇಗಿದೆ ಅಂತ ಅವರು ಕೇಳಿದರು. "ಕಪ್ಪು," ಅಂದ. ಕೌಂಟರಿನಲ್ಲಿದ್ದವರು ನಕ್ಕರು. ನನ್ನ ಫೋನಿನಲ್ಲಿ ಎರಡು ಫೋಟೋ ಇದ್ದವು, ಮುಚ್ಚಿದ ಬ್ಯಾಗಿನದೊಂದು, ತೆರೆದದ್ದೊಂದು. ಹೊರಡುವ ಮುಂಚೆ ಹತ್ತು ಸೆಕೆಂಡಿನ ಕೆಲಸ ಅದು. ದೂರಿನ ಸಂಖ್ಯೆ ಕೊಟ್ಟರು. ಮೊದಲ ಮೂರು ಅಕ್ಷರ ನಿಲ್ದಾಣದ್ದು, ಆಮೇಲಿನ ಎರಡು ವಿಮಾನ ಸಂಸ್ಥೆಯದು, ಕೊನೆಗೆ ಐದು ಅಂಕಿ.

ಹೋಟೆಲ್ ಸೇರಿದಾಗ ಹನ್ನೊಂದೂವರೆ. ಹುಡುಗನಿಗೆ ಶರ್ಟ್ ಒಗೆಯುವುದು ಹೇಗೆ ಅಂತ ಬಾಗಿಲಲ್ಲೇ ನಿಂತು ಹೇಳಿದೆ. ಬೇಸಿನ್ನಿನಲ್ಲಿ ತಣ್ಣೀರು, ಸೋಪು, ಮೆಲ್ಲಗೆ ಉಜ್ಜು, ಹಿಂಡಬೇಡ. ದಪ್ಪ ಟವಲ್ ಹಾಸಿ, ಅದರ ಮೇಲೆ ಶರ್ಟ್ ಹಾಸಿ, ಎರಡನ್ನೂ ಒಟ್ಟಿಗೆ ಸುರುಳಿ ಸುತ್ತು. ಆಮೇಲೆ ಅದರ ಮೇಲೆ ಹತ್ತಿ ತುಳಿ.

"ತುಳಿಯೋದಾ?"

"ತುಳಿಯೋದೇ. ಟವಲ್ ನೀರು ಕುಡಿಯುತ್ತೆ. ಆಮೇಲೆ ಹ್ಯಾಂಗರಿಗೆ ಹಾಕಿ, ಕಾಲರ್ ಎಳೆದು ನೇರ ಮಾಡಿ, ಎಸಿ ಗಾಳಿಗೆ ಬಿಡು."

ನಾನು ಕಿತ್ತಳೆ ಚೀಲದಿಂದ ಶರ್ಟ್ ತೆಗೆದು ಒಮ್ಮೆ ಜಾಡಿಸಿ ತೂಗುಹಾಕಿ, ಮಲಗಿದೆ. ಗೋಡೆಯ ಆಚೆ ಹುಡುಗ ಧಪ್ ಧಪ್ ಅಂತ ತುಳಿಯುತ್ತಿದ್ದ.

ಎರಡನೇ ದಿನ

ಬೆಳಗ್ಗೆ ಎದ್ದ ತಕ್ಷಣ ಥೈರಾಯ್ಡ್ ಮಾತ್ರೆ. ಮಾತ್ರೆ ಯಾವತ್ತೂ ಹೆಸರು ಅಚ್ಚಾದ ಅದರದೇ ಪಟ್ಟಿಯಲ್ಲಿ, ಜೊತೆಗೆ ಡಾಕ್ಟರ ಚೀಟಿಯ ಒಂದು ಪ್ರತಿ. ಡಬ್ಬಿಗೆ ಬಿಡಿ ಬಿಡಿಯಾಗಿ ಸುರಿದುಕೊಂಡು ಹೋದರೆ ಯಾರಾದರೂ ಕೇಳಿದಾಗ ಹೇಳಲು ಬಾಯಿರುವುದಿಲ್ಲ. ಐದು ದಿನದ ಪ್ರಯಾಣಕ್ಕೆ ಎಂಟು ದಿನದ ಮಾತ್ರೆ.

ಹುಡುಗ ಕೆಳಗೆ ಬಂದ. ಶರ್ಟ್ ಒಣಗಿತ್ತು. ನೀಲಿ ಮೋಡ ಹೋಗಿರಲಿಲ್ಲ, ಆದರೆ ಮಳೆ ಸುರಿಸಿ ತೆಳುವಾದ ಹಾಗಿತ್ತು. ಫೈಲನ್ನು ಎದೆಗೆ ಅವಚಿಕೊಂಡಿದ್ದ. ಇಡೀ ದಿನ ಅದನ್ನು ಕೆಳಗಿಡಲಿಲ್ಲ. ಬಹಳ ಶ್ರದ್ಧೆಯ ಹುಡುಗ ಅಂತ ಗಿರಾಕಿಗಳ ಕಡೆಯವರು ನನ್ನ ಹತ್ತಿರ ಹೇಳಿದರು.

ಮೀಟಿಂಗಿನ ಕೋಣೆಯಲ್ಲಿ ಗೋಡೆಯ ಪ್ಲಗ್ ನೋಡಿ ಅವನು ನಿಂತುಬಿಟ್ಟ. ಮೂರು ಆಯತಾಕಾರದ ತೂತುಗಳು. ಜಗತ್ತಿನಲ್ಲಿ ಇಂಥ ಪ್ಲಗ್ಗುಗಳನ್ನು ಎ ಇಂದ ಒ ವರೆಗೆ ಹದಿನೈದು ಬಗೆ ಮಾಡಿ ಗುರುತಿಸಿದ್ದಾರೆ. ಇದು ಜಿ. ಅಡಾಪ್ಟರ್ ಸಿಕ್ಕಿಸಿದೆ. ಅಡಾಪ್ಟರ್ ಬದಲಾಯಿಸುವುದು ತೂತಿನ ಆಕಾರವನ್ನು ಮಾತ್ರ, ವೋಲ್ಟೇಜನ್ನಲ್ಲ. ಇದು ತಿಳಿಯದೆ ಒಮ್ಮೆ 120 ವೋಲ್ಟಿನ ಪುಟ್ಟ ಇಸ್ತ್ರಿಪೆಟ್ಟಿಗೆಯನ್ನು 230 ವೋಲ್ಟಿಗೆ ಹಾಕಿದ್ದೆ. ಫಟ್ ಅಂದಿತು, ಕೋಣೆ ತುಂಬ ವಾಸನೆ. ಆವತ್ತಿನಿಂದ ಯಾವ ಚಾರ್ಜರ್ ಕೊಂಡರೂ ಮೊದಲು ಮೈಮೇಲಿನ ಸಣ್ಣ ಅಕ್ಷರ ಓದುತ್ತೇನೆ. ಇನ್‌ಪುಟ್ 100ರಿಂದ 240 ವೋಲ್ಟ್, 50/60 ಹರ್ಟ್ಸ್ ಅಂತಿದ್ದರೆ ಎಲ್ಲಿ ಬೇಕಾದರೂ ಸಿಕ್ಕಿಸಬಹುದು. ಲ್ಯಾಪ್‌ಟಾಪ್, ಫೋನುಗಳ ಚಾರ್ಜರಿನಲ್ಲಿ ಬಹುತೇಕ ಇದೇ ಇರುತ್ತದೆ. ಕೂದಲು ಒಣಗಿಸುವ ಯಂತ್ರ, ಇಸ್ತ್ರಿಪೆಟ್ಟಿಗೆ ಇಂಥ ಕಾಯುವ ಸಾಮಾನುಗಳಲ್ಲೇ ಎಡವಟ್ಟು.

ಅವನ ಚಾರ್ಜರ್ ಇನ್ನೂ ನಡುವಿನ ಊರಿನಲ್ಲಿ. ನನ್ನದು 65 ವ್ಯಾಟಿನದು, ಬೆಂಕಿಪೊಟ್ಟಣ ಎರಡು ಜೋಡಿಸಿದಷ್ಟು ದಪ್ಪ. ಅದರಲ್ಲಿ ಎರಡು ಬಾಯಿ. ಮೊದಲು ಲ್ಯಾಪ್‌ಟಾಪಿಗೊಂದು ಇಟ್ಟಿಗೆ, ಫೋನಿಗೊಂದು, ಅಂತ ಹೊರುತ್ತಿದ್ದೆ. ಈಗ ಇದೊಂದೇ. ಅವನ ಲ್ಯಾಪ್‌ಟಾಪ್ ಒಂದು ಬಾಯಿಗೆ, ನನ್ನ ಫೋನ್ ಇನ್ನೊಂದಕ್ಕೆ. ಎರಡೂ ಹಾಕಿದಾಗ ಶಕ್ತಿ ಹಂಚಿಹೋಗುತ್ತದೆ, ನಿಧಾನ. ಆದರೆ ದಿನ ದಾಟಿತು.

ಪ್ರೊಜೆಕ್ಟರಿಗೆ ಎಚ್‌ಡಿಎಂಐ ಬೇಕು, ನನ್ನ ಲ್ಯಾಪ್‌ಟಾಪಿಗೆ ಇರುವುದು ಯುಎಸ್‌ಬಿ-ಸಿ ಮಾತ್ರ. ಗೊಂಡೆ ಹಾಕಿದೆ, ಪರದೆಯ ಮೇಲೆ ಏನೂ ಬರಲಿಲ್ಲ. ಅವರ ಕೇಬಲ್ಲೇ ಹಾಳಾಗಿತ್ತು. ಪೆನ್ ಡ್ರೈವ್ ಕೊಟ್ಟರೆ ಹೊರಗಿನ ಪೆನ್ ಡ್ರೈವ್ ನಮ್ಮಲ್ಲಿ ನಡೆಯಲ್ಲ ಅಂದರು. ಕೊನೆಗೆ ಫೋನಿನಲ್ಲಿದ್ದ ಪಿಡಿಎಫ್ ಅನ್ನು ಅವರಿಗೆ ಮೇಲ್ ಮಾಡಿ, ಅವರ ಕಂಪ್ಯೂಟರಿನಲ್ಲೇ ತೆರೆದೆವು. ಒಂದೇ ಕಡತ ಮೂರು ಜಾಗದಲ್ಲಿ ಇಡುವುದು ಅತಿಯಾಯಿತು ಅಂತ ನನ್ನನ್ನು ಆಡಿಕೊಳ್ಳುವವರು ಇದ್ದಾರೆ. ಇರಲಿ.

ಸಂಜೆ ಟ್ರ್ಯಾಕರ್ ನೋಡಿದೆ. ಬ್ಯಾಗ್ ಅಲುಗಿತ್ತು! ಈಗ ನಾವಿರುವ ಊರಿನ ನಿಲ್ದಾಣದಲ್ಲಿತ್ತು.

ಮೂರನೇ ದಿನ

ಬೆಳಗ್ಗೆ ಆರಕ್ಕೆ ಎರಡೂ ಬ್ಯಾಗ್ ಹೋಟೆಲ್ ಬಾಗಿಲಿಗೆ ಬಂದವು. ಹುಡುಗನದು ಹೋದ ಹಾಗೇ ಬಂದಿತ್ತು. ನನ್ನದರ ಒಂದು ಚಕ್ರ ಮುರಿದು ಹೊರಕ್ಕೆ ಸೊಟ್ಟಗೆ ಚಾಚಿಕೊಂಡಿತ್ತು, ಉಳುಕಿದ ಪಾದದ ಹಾಗೆ. ತಂದವರ ಎದುರೇ ಫೋಟೋ ತೆಗೆದೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗ್ ಹಾಳಾಗಿದ್ದರೆ ಕೈಗೆ ಸಿಕ್ಕ ಏಳು ದಿನದೊಳಗೆ, ತಡವಾಗಿದ್ದರೆ ಇಪ್ಪತ್ತೊಂದು ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು.

ಕೋಣೆಗೆ ತಂದು ತೆರೆದೆ. ಒಂದೂವರೆ ದಿನ ಇಲ್ಲದೆ ಬದುಕಿದ ಸಾಮಾನು ಇದು. ಏನನ್ನು ನೆನಪಿಸಿಕೊಂಡಿದ್ದೆ ಅಂದರೆ, ಶಾಲು. ನಿಜವಾಗಿ ಅದೊಂದೇ. ಮೀಟಿಂಗ್ ಕೋಣೆಯಲ್ಲಿ ಚಳಿಗೆ ಬ್ಲೇಜರ್ ಸಾಲದೆ ಮೊಣಕೈ ತಬ್ಬಿಕೊಂಡು ಕೂತಿದ್ದೆ. ಶಾಲು ಇವತ್ತಿನಿಂದ ಹೆಗಲ ಚೀಲಕ್ಕೆ. ಓಡುವ ಶೂ ಮೂಲೆಯಲ್ಲಿ ಹಲ್ಲು ಕಿರಿಯುತ್ತಿತ್ತು. ಮೂರು ವರ್ಷದಿಂದ ನನ್ನ ಜೊತೆ ವಿಮಾನ ಹತ್ತುತ್ತಿದೆ. ಇನ್ನೂ ಒಂದು ಹೆಜ್ಜೆ ಓಡಿಲ್ಲ.

ಮಧ್ಯಾಹ್ನ ಎರಡನೇ ಊರಿಗೆ ನಾಲ್ಕು ಗಂಟೆಯ ಹಾರಾಟ. ಒಳಗಿನ ಗಾಳಿಯ ತೇವ ಶೇಕಡಾ ಇಪ್ಪತ್ತಕ್ಕಿಂತಲೂ ಕೆಳಗೆ ಇಳಿಯುತ್ತದೆ. ತುಟಿ ಒಡೆಯುತ್ತದೆ, ಲೆನ್ಸ್ ಕಣ್ಣಿಗೆ ಅಂಟುತ್ತದೆ. ತಪಾಸಣೆ ದಾಟಿದ ಮೇಲೆ ಖಾಲಿ ಬಾಟಲಿ ತುಂಬಿಕೊಂಡಿದ್ದೆ. ಲೆನ್ಸ್ ತೆಗೆದು ಕನ್ನಡಕ ಹಾಕಿದೆ. ಹುಡುಗ ತನ್ನ ಬ್ಯಾಗಿನಿಂದ ದೊಡ್ಡ ಹೆಡ್‌ಫೋನ್ ತೆಗೆದ, ಶಬ್ದ ತಿನ್ನುವಂಥದ್ದು. ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್‌ಗೆ ಅದರ ಯೋಚನೆ ಹೊಳೆದದ್ದೂ 1978ರಲ್ಲಿ ಒಂದು ವಿಮಾನದಲ್ಲಿ ಕೂತಿದ್ದಾಗ. ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಕಿವಿಗೆ ಹಾಕುವ ಮೆತ್ತನೆ ಬಿರಡೆ ಸಾಕು. ತೂಕ ಇಲ್ಲ, ಚಾರ್ಜ್ ಬೇಡ, ಕಳೆದರೆ ದುಃಖವಿಲ್ಲ.

ನಾಲ್ಕನೇ ದಿನ

ಎರಡನೇ ಊರಿನ ಕೆಲಸ ಬೆಳಗ್ಗೆಯೇ ಮುಗಿಯಿತು. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಅವರ ಯಂತ್ರ ಚೆನ್ನಾಗಿ ಓಡುತ್ತಿತ್ತು.

ಕಥೆ ಇದ್ದದ್ದು ಸಂಜೆಯ ಗೇಟಿನಲ್ಲಿ. ಅಗ್ಗದ ವಿಮಾನ. ಇಂಥವರ ಹತ್ತಿರ ಕಬ್ಬಿಣದ ಒಂದು ಚೌಕಟ್ಟು ಇರುತ್ತದೆ. ಬ್ಯಾಗ್ ಅದರೊಳಗೆ ಕೂರಬೇಕು. ಅಳತೆ ಒಬ್ಬೊಬ್ಬರದು ಒಂದೊಂದು, ಸುಮಾರು 55, 40, 20 ಸೆಂಟಿಮೀಟರ್ ಅನ್ನಿ. ಚಕ್ರ, ಹಿಡಿ ಎಲ್ಲ ಸೇರಿ. ನನ್ನ ಬ್ಯಾಗ್ ನಾಲ್ಕು ವರ್ಷದಿಂದ ಇಂಥ ಚೌಕಟ್ಟುಗಳಲ್ಲಿ ಅಳೆದ ಹಾಗೆ ಕೂರುತ್ತಿತ್ತು. ಇವತ್ತು ಸೊಟ್ಟ ಚಕ್ರ ಅಂಚಿಗೆ ತಗುಲಿ ಅರ್ಧಕ್ಕೆ ನಿಂತಿತು.

"ಕೂರುತ್ತಿಲ್ಲ, ಕೆಳಗೆ ಹಾಕಬೇಕು," ಅಂದರು.

ಮುರಿದದ್ದು ಇನ್ನೊಂದು ವಿಮಾನದವರು ಅಂದೆ. ಹೌದು, ಆದರೆ ಚೌಕಟ್ಟು ನಮ್ಮದು ಅಂದರು. ಉತ್ತರ ಸರಿಯಾಗೇ ಇತ್ತು.

ಹುಡುಗ ಬ್ಯಾಗನ್ನು ಪಕ್ಕಕ್ಕೆ ಎಳೆದು ಮಲಗಿಸಿದ. ಚಕ್ರ ಹಿಡಿದು ಎಡಕ್ಕೆ ತಿರುಚಿದ, ಬಲಕ್ಕೆ ತಿರುಚಿದ. ಕಾಲಿನಿಂದ ಬ್ಯಾಗನ್ನು ಒತ್ತಿ ಹಿಡಿದು ಎರಡೂ ಕೈಯಿಂದ ಎಳೆದ. ಕಡ್ ಅಂತ ಚಕ್ರ ಕಿತ್ತು ಕೈಗೆ ಬಂತು. ಅದನ್ನು ನನ್ನ ಕೈಗಿಟ್ಟು, ಬ್ಯಾಗನ್ನು ಚೌಕಟ್ಟಿಗೆ ಇಳಿಸಿದ. ಕೂತಿತು. ಗೇಟಿನವರೂ ಏನೂ ಹೇಳಲಾಗದೆ ನಕ್ಕು ಬಿಟ್ಟರು. ತೂಕ ಯಾರೂ ನೋಡಲಿಲ್ಲ.

ಬ್ಯಾಗಿಗೆ ಚಕ್ರ ಹಾಕುವ ಯೋಚನೆಗೇ ಬಹಳ ಕಾಲ ಹಿಡಿಯಿತು. 1972ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕ ಚಕ್ರದ ಸೂಟ್‌ಕೇಸನ್ನು ನಾಯಿಯಂತೆ ಪಟ್ಟಿ ಕಟ್ಟಿ ಎಳೆಯಬೇಕಿತ್ತು, ತಿರುವಿನಲ್ಲಿ ವಾಲುತ್ತಿತ್ತು. 1987ರಲ್ಲಿ ರಾಬರ್ಟ್ ಪ್ಲಾತ್ ಎಂಬ ಪೈಲಟ್ ಸೂಟ್‌ಕೇಸನ್ನು ನೆಟ್ಟಗೆ ನಿಲ್ಲಿಸಿ, ಎರಡು ಚಕ್ರ ಹಾಕಿ, ಉದ್ದಕ್ಕೆ ಎಳೆಯುವ ಹಿಡಿ ಕೊಟ್ಟ. ಮೊದಲು ವಿಮಾನದ ಸಿಬ್ಬಂದಿ ಕೊಂಡರು. ಅವರು ಎಳೆದುಕೊಂಡು ಹೋಗುವುದನ್ನು ನೋಡಿ ಪ್ರಯಾಣಿಕರೂ ಬೇಕು ಅಂದರು. ಈಗಿನ ನಾಲ್ಕು ಚಕ್ರದವು ನುಣುಪು ನೆಲದ ಮೇಲೆ ಬೆರಳಿಗೆ ಓಡುತ್ತವೆ. ಆದರೆ ಹೊರಕ್ಕೆ ಚಾಚಿಕೊಂಡಿರುವುದರಿಂದ ಮೊದಲು ಮುರಿಯುವುದೂ ಅವೇ. ಇಳಿಜಾರಿನಲ್ಲಿ ಬಿಟ್ಟರೆ ಯಜಮಾನಿಯನ್ನು ಬಿಟ್ಟು ಓಡಿಯೂ ಹೋಗುತ್ತವೆ. ಮುಂದಿನದು ಎರಡು ಚಕ್ರದ್ದೇ, ಮೈಯೊಳಗೆ ಹುದುಗಿದ ಚಕ್ರದ್ದು. ತೀರ್ಮಾನ ಮಾಡಿಯಾಯಿತು.

ಮೂರನೇ ಊರಿನಲ್ಲಿ ಇಳಿದಾಗ ಮೂರು ಚಕ್ರದ ಬ್ಯಾಗ್ ಕುಂಟುತ್ತಾ ಬಂತು. ಹುಡುಗ ಅದನ್ನು ತಾನೇ ಎಳೆದ. ತನ್ನದನ್ನು ನನಗೆ ಕೊಟ್ಟ.

ಐದನೇ ದಿನ

ಒಂದು ಮೀಟಿಂಗ್, ಆಮೇಲೆ ನೇರ ನಿಲ್ದಾಣ. ತಪಾಸಣೆಯಲ್ಲಿ ಈ ಸಲ ಪಕ್ಕಕ್ಕೆ ಸರಿದದ್ದು ನನ್ನ ಬ್ಲೇಜರ್. ಜೇಬಿನಿಂದ ಚಕ್ರ ಹೊರಬಂತು. ಅಧಿಕಾರಿ ಅದನ್ನು ಎರಡು ಬೆರಳಿನಲ್ಲಿ ಎತ್ತಿ ನನ್ನ ಮುಖ ನೋಡಿದರು. ನಾನು ಬ್ಯಾಗಿನ ಕಡೆ ಕೈ ತೋರಿಸಿದೆ. ಅವರು ಚಕ್ರವನ್ನು ಒಮ್ಮೆ ತಿರುಗಿಸಿ ನೋಡಿ ವಾಪಸ್ ಕೊಟ್ಟರು.

ಮತ್ತೆ ಕೊನೆಯ ಗುಂಪು. ಗೇಟಿನ ಧ್ವನಿವರ್ಧಕ ಕೆಮ್ಮಿ, ವಿಮಾನ ಪೂರ್ತಿ ತುಂಬಿದೆ ಅಂತ ಶುರು ಮಾಡಿತು. ನಾನು ಜಿಪ್ಪಿಗೆ ಕೈ ಹಾಕುವಷ್ಟರಲ್ಲಿ ಪಕ್ಕದಲ್ಲಿ ಸರ್ ಅಂತ ಶಬ್ದ. ಹುಡುಗ ಹೋಟೆಲಿನ ಬಟ್ಟೆ ಒಗೆಯಲು ಕೊಡುವ ಪ್ಲಾಸ್ಟಿಕ್ ಕವರ್ ಎಳೆದು ಹೊರತೆಗೆದಿದ್ದ. ಲ್ಯಾಪ್‌ಟಾಪ್ ಆಗಲೇ ಹೆಗಲಲ್ಲಿತ್ತು. ಕವರಿನೊಳಗೆ ಚಾರ್ಜರ್, ಒಂದು ಶರ್ಟ್, ಬ್ರಷ್, ಟೋಪಿ ಬಿಗಿದು ಮೂತಿ ಮೇಲೆ ಮಾಡಿ ನಿಲ್ಲಿಸಿದ ಶಾಯಿ ಪೆನ್ನು. ಬ್ಯಾಗನ್ನು ಫೋಟೋ ತೆಗೆದು, ಸಿಬ್ಬಂದಿ ಬರುವ ಮೊದಲೇ ಹಿಡಿಯನ್ನು ಅವರ ಕಡೆ ಚಾಚಿದ.

"ಎಷ್ಟು ಸೆಕೆಂಡ್ ಮೇಡಂ?"

"ಏಳು."

ರಾತ್ರಿ ಮನೆಗೆ ಬಂದು, ಚಕ್ರವನ್ನು ಮೇಜಿನ ಮೇಲೆ ಸ್ಕೇಲಿನ ಪಕ್ಕ ಇಟ್ಟು ಫೋಟೋ ತೆಗೆದು, ದೂರಿನ ಸಂಖ್ಯೆ ಹಾಕಿ ಮೇಲ್ ಕಳಿಸಿದೆ. ಏಳರಲ್ಲಿ ಎರಡು ದಿನ ಕಳೆದಿತ್ತು. ಕಿತ್ತಳೆ ಚೀಲದ ಶರ್ಟ್ ಒಗೆಯಲು ಹಾಕಿ, ಬೇರೊಂದು ಸುತ್ತಿ ತುರುಕಿದೆ. ಮಾತ್ರೆ ಎಣಿಸಿದೆ, ಮೂರು ಉಳಿದಿದ್ದವು, ಹೊಸ ಪಟ್ಟಿ ಸೇರಿಸಿದೆ. ಪವರ್ ಬ್ಯಾಂಕ್ ಚಾರ್ಜಿಗೆ ಹಾಕಿದೆ. ಓಡುವ ಶೂವನ್ನು ಬಾಗಿಲ ಬಳಿ ಇಟ್ಟೆ.

ಮುಂದಿನ ಟಿಕೆಟ್ ಬುಧವಾರಕ್ಕೆ.